ಡಿಸೆಂಬರ್‌ಗೆ ಬಿಳಿಗಿರಿರಂಗನ ಬೆಟ್ಟ: ವಯಸ್ಸಾದವರು, ಮಕ್ಕಳು ಎಲ್ಲ ಇದ್ದಾರೆ, ಹೇಗೆ ಪ್ಲ್ಯಾನ್ ಮಾಡೋದು?

ಬನಶಂಕರಿ_ಅಕ್ಕ
ಎಲ್ರಿಗೂ ನಮಸ್ಕಾರ. ಡಿಸೆಂಬರ್ ರಜೇಲಿ ಬಿಆರ್ ಹಿಲ್ಸ್‌ಗೆ ಎರಡು ರಾತ್ರಿ ಹೋಗೋಣ ಅಂತ ಮನೇಲಿ ತೀರ್ಮಾನ ಆಗಿದೆ, ಆದ್ರೆ ಒಬ್ಬೊಬ್ಬರದ್ದು ಒಂದೊಂದು ಬೇಡಿಕೆ. ಅಪ್ಪನಿಗೆ ರಂಗನಾಥನ ದರ್ಶನ ಆಗ್ಬೇಕು, ಅಮ್ಮನಿಗೆ ಮಂಡಿ ನೋವು ಹಾಗಾಗಿ ಮೆಟ್ಟಿಲು ಜಾಸ್ತಿ ಇರಬಾರದು, ದೊಡ್ಡ ಮಗನಿಗೆ ಹುಲಿ ಬಿಟ್ರೆ ಬೇರೇನೂ ಬೇಡ, ಚಿಕ್ಕೋಳಿಗೆ ಐದು ವರ್ಷ, ಯಜಮಾನ್ರಿಗೆ ಫೋನ್ ಬಾರದ ಜಾಗ ಆದ್ರೆ ಸಾಕು. ಬೆಂಗಳೂರಿಂದ ನಮ್ಮದೇ ಕಾರು. ಎಲ್ಲಿ ಉಳ್ಕೊಳ್ಳೋದು, ಯಾವ ಕಡೆಯಿಂದ ಹತ್ತೋದು, ಸಫಾರಿ ಒಂದು ಸಾಕಾ ಎರಡು ಬೇಕಾ, ಹೋಗಿ ಬಂದೋರು ಸ್ವಲ್ಪ ಹೇಳಿ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ, ಎಲ್ರೂ ಡ್ರೋನ್ ಹಾರಿಸಿ ಮ್ಯೂಸಿಕ್ ಹಾಕ್ತಾರೆ, ಪೆಟ್ರೋಲ್ ಎಲ್ಲಿ ಹಾಕಿಸ್ಬೇಕು ಅಂತ ಒಬ್ರೂ ಹೇಳಲ್ಲ.

ಯಳಂದೂರ್_ಹೈದ
ಅಕ್ಕ ನಮ್ಮೂರ್ ಕಡೆಗೆ ಸ್ವಾಗತ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಇಷ್ಟೇ ದಾರಿ. ಯಳಂದೂರಲ್ಲೇ ಪೆಟ್ರೋಲು ಹಾಕ್ಸಿ, ದುಡ್ಡು ಡ್ರಾ ಮಾಡ್ಕಳಿ, ಔಷಧಿ ಪವಷಧಿ ಏನಿದ್ರೂ ಅಲ್ಲೇ ತಗಳಿ, ಮೇಲಕ್ಕೆ ವೋದ್ ಮೇಲೆ ನೆಟ್‌ವರ್ಕು ಬಂದ್ರೆ ಬಂತು ಇಲ್ದಿದ್ರೆ ಇಲ್ಲ, ಫೋನ್‌ಪೇ ನಂಬ್ಕೊಂಡು ಟೀ ಕುಡಿಯಕ್ಕೆ ವೋಗ್ಬೇಡಿ. ಗುಂಬಳ್ಳಿ ಚೆಕ್‌ಪೋಸ್ಟಲ್ಲಿ ಗಾಡಿ ನಂಬರ್ ಬರ್ಕತಾರೆ, ಪ್ಲಾಸ್ಟಿಕ್ಕು ಎಣ್ಣೆ ಬಾಟ್ಲು ಚೆಕ್ ಮಾಡ್ತಾರೆ. ಸಂಜೆ ಮೇಲೆ ಗೇಟ್ ಹಾಕ್ಬುಡ್ತಾರೆ, ರಾತ್ರಿ ಓಡಾಟ ಇಲ್ಲ, ಅದ್ಕೇ ಮಧ್ಯಾಹ್ನ ಮೂರು ಗಂಟೆ ಒಳಗೆ ಗುಂಬಳ್ಳಿ ದಾಟೋ ಹಂಗೆ ಹೊಲ್ಡಿ. ಬೆಂಗಳೂರ್ನೋರು ಎದ್ದು ಕಾಫಿ ಕುಡ್ದು ತಿಂಡಿ ತಿಂದು ಹತ್ತು ಗಂಟೆಗೆ ಹೊರಟು ಮಧ್ಯದಲ್ಲಿ ಶಿವನಸಮುದ್ರ ನೋಡ್ಕೊಂಡು ಸಾಯಂಕಾಲ ಬಂದು ಗೇಟತ್ರ ಗಲಾಟೆ ಮಾಡೋದು ವಾರಕ್ಕೊಂದ್ಸಲ ನೋಡ್ತೀವಿ.

ಹುಲಿ_ಹುಚ್ಚ
ಮಗನಿಗೆ ಹುಲಿ ಬೇಕು ಅಂದ್ರೆ ಬಿಆರ್ ಹಿಲ್ಸ್ ಮರೆತುಬಿಡಿ ಮೇಡಂ, ನೇರ ಕಬಿನಿಗೆ ಹೋಗಿ. ಬಿಆರ್ ಹಿಲ್ಸ್‌ನಲ್ಲಿ ಸಫಾರಿ ಮಾಡಿ ಮಾಡಿ ಸಾಕಾಗಿದೆ, ಬರೀ ಜಿಂಕೆ, ಕಾಡೆಮ್ಮೆ, ಎರಡೂ ಕಡೆ ಗೋಡೆ ಕಟ್ಟಿರೋ ಲಂಟಾನ ಅನ್ನೋ ಕಳೆ ಪೊದೆ. 600 ಎಂಎಂ ಲೆನ್ಸ್ ಹೊತ್ಕೊಂಡು ಹೋಗಿ ಪೊದೆ ಫೋಟೋ ತೆಗೆದು ಬಂದಿದೀನಿ. ವೇಸ್ಟ್.

ಕುಟ್ರಹಕ್ಕಿ
@ಹುಲಿ_ಹುಚ್ಚ ವೇಸ್ಟ್ ಆಗಿದ್ದು ಲೆನ್ಸು ಗುರು, ಕಾಡಲ್ಲ 😄

ಮೇಡಂ, ಇವ್ರು ಹೇಳಿದ್ರಲ್ಲಿ ಅರ್ಧ ಸತ್ಯ ಇದೆ. ಕಬಿನೀಲಿ ಹಿನ್ನೀರು ಇದೆ, ಬೇಸಿಗೇಲಿ ನೀರು ಇಳಿದಾಗ ಹುಲ್ಲು ಬಯಲು ಬರುತ್ತೆ, ದೂರದಿಂದ್ಲೇ ಪ್ರಾಣಿ ಕಾಣುತ್ತೆ. ಬಿಆರ್ ಹಿಲ್ಸ್ ಅಂದ್ರೆ ಗುಡ್ಡ, ಕಣಿವೆ, ತಿರುವು, ಹುಲಿ ಹತ್ತಡಿ ಆಚೆ ಮಲಗಿದ್ರೂ ನಿಮಗೆ ಗೊತ್ತಾಗಲ್ಲ. ಹುಲಿ ಇಲ್ಲ ಅಂತಲ್ಲ, ಹುಲಿ ಸಂರಕ್ಷಿತ ಪ್ರದೇಶವೇ ಅದು, 2011ರಲ್ಲಿ ಘೋಷಣೆ ಆಗಿದ್ದು, ಸುತ್ತಲಿನ ಬಫರ್ ಅಂಚು ಎಲ್ಲ ಸೇರಿ 570 ಚದರ ಕಿಲೋಮೀಟರ್ ಮೇಲಿದೆ. ಆದ್ರೆ ಹುಲಿ ನೋಡ್ಲೇಬೇಕು ಅನ್ನೋ ಹಠದಲ್ಲಿ ಹೋದ್ರೆ ಮಗು ಮುಖ ಬಾಡಿಸ್ಕೊಂಡು ಬರುತ್ತೆ ಅಷ್ಟೇ. ಹೋಗೋಕೆ ಮುಂಚೇನೇ ಅವನಿಗೆ ಬೇರೆ ಕೆಲಸ ಕೊಟ್ಟುಬಿಡಿ, ಹೆಜ್ಜೆ ಗುರುತು, ಮರದ ಮೇಲಿನ ಉಗುರಿನ ಗೀರು, ಲದ್ದಿ. ಲದ್ದಿ ಅಂದ್ರೆ ಮಕ್ಕಳಿಗೆ ಭಲೇ ಖುಷಿ, ನಂಬಿ.

ಇನ್ನೊಂದು, ಗುಂಬಳ್ಳಿಯಿಂದ ಹತ್ತೋ ರಸ್ತೆನೇ ಒಂದು ಪಾಠ. ಈ ಬೆಟ್ಟಸಾಲು ಬುಡದಲ್ಲಿ ಸುಮಾರು 600 ಮೀಟರ್ ಎತ್ತರ, ಮೇಲೆ ಕಟ್ಟರಿ ಬೆಟ್ಟ 1,800ರ ಹತ್ರ. ಬುಡದಲ್ಲಿ ಮಳೆ ವರ್ಷಕ್ಕೆ 600 ಮಿ.ಮೀ. ಬಿದ್ರೆ ಮೇಲ್ಗಡೆ 3,000 ಬೀಳೋ ಜಾಗ ಇದೆ. ಹಾಗಾಗಿ ಕೆಳಗೆ ಕುರುಚಲು ಮುಳ್ಳುಗಿಡ, ಸ್ವಲ್ಪ ಮೇಲೆ ಎಲೆ ಉದುರೋ ಕಾಡು ಮತ್ತಿ, ದಿಂಡಿಗ, ನೆಲ್ಲಿ, ಇನ್ನೂ ಮೇಲೆ ನಿತ್ಯಹರಿದ್ವರ್ಣ, ತುದೀಲಿ ಹುಲ್ಲುಗಾವಲು, ಅದರ ಮಡಿಲಲ್ಲಿ ಶೋಲಾ ಅನ್ನೋ ದಟ್ಟ ಕುಳ್ಳ ಕಾಡು. ಕಾರಲ್ಲಿ ಕೂತು ಗಂಟೆ ಒಳಗೆ ಇಷ್ಟೂ ದಾಟ್ತೀರಿ. ಎಸಿ ಆಫ್ ಮಾಡಿ ಕಿಟಕಿ ಇಳಿಸಿ, ಗಾಳಿ ಬದಲಾಗೋದು ಗೊತ್ತಾಗುತ್ತೆ. ನಿಲ್ಲಿಸಿ ಕೆಳಗೆ ಇಳಿಯೋದು ಮಾತ್ರ ಬೇಡ.

ಧಾರವಾಡ_ಫೇಡೆ
ನಾವೂ ಜನವರಿಗೆ ಹೋಗೂದೈತ್ರಿ, ಅದಕ ಈ ಚರ್ಚಾ ಓದಾಕತ್ತೇನಿ. ನಮ್ಮ ಕಡಿಂದ ಕಾರ್ ತಗೊಂಡು ಅಷ್ಟ ದೂರ ಬರೂದು ಆಗೂದಿಲ್ಲ, ರಾತ್ರಿ ಗಾಡಿಗೆ ಮೈಸೂರಿಗೆ ಬಂದು ಮುಂದ ಬಸ್ ಹಿಡಿದ್ರ ನಡೀತದೇನ್ರಿ? ಮ್ಯಾಲೆ ಹೋದ ಮ್ಯಾಲೆ ಅಡ್ಡಾಡಾಕ ಏನರ ಸಿಗ್ತದೋ ಇಲ್ಲೋ?

ಯಳಂದೂರ್_ಹೈದ
@ಧಾರವಾಡ_ಫೇಡೆ ನಡೀತದೆ ಮೇಡಂ. ಮೈಸೂರಿಂದ ಚಾಮರಾಜನಗರಕ್ಕೆ ರೈಲೂ ಅದೆ ಬಸ್ಸೂ ಅದೆ. ಬೆಟ್ಟಕ್ಕೆ ಸರ್ಕಾರಿ ಬಸ್ಸು ಹತ್ತುತ್ತೆ, ಆದ್ರೆ ದಿನಕ್ಕೆ ಕೆಲವೇ ಟ್ರಿಪ್ಪು, ಹೊರಡೋ ಹಿಂದಿನ್ ದಿನ ಸ್ಟ್ಯಾಂಡಲ್ಲಿ ಕೇಳ್ಕಳಿ, ಇಂಟರ್ನೆಟ್ಟಲ್ಲಿ ಇರೋ ಟೈಮು ನಂಬ್ಬೇಡಿ. ಮೇಲೆ ದೇವಸ್ಥಾನದ ಹತ್ರ ಜೀಪ್ನೋರು ಸಿಕ್ತಾರೆ. ನೀವು ನಾಕೈದ್ ಜನ ಇದ್ರೆ ಚಾಮರಾಜನಗರದಿಂದ್ಲೇ ಒಂದು ಗಾಡಿ ಮಾಡ್ಕೊಂಡು ಕಾಡೊಳಗೆ ಸಫಾರಿ ಕ್ಯಾಂಪ್ ಇರೋ ಕೆ. ಗುಡಿ ಮೇಲಾಸಿ ಬನ್ನಿ, ಆ ದಾರಿ ಪೂರ್ತಿ ಕಾಡು. ಅಲ್ಲಿ ಬೈಕ್ ಮಾತ್ರ ಬೇಡ.

ಸುಮ್ನೆ_ಓದೋನು
ಆ ಕೆ. ಗುಡಿ ರಸ್ತೇಲಿ ಒಂದು ಕಾಟಿ ಅಡ್ಡ ನಿಂತಿತ್ತು ನಮಗೆ. ಕಾಟಿ ಅಂದ್ರೆ ಕಾಡೆಮ್ಮೆ, ಗಂಡು. ಡ್ರೈವರ್ ಎಂಜಿನ್ ಆಫ್ ಮಾಡಿ ಸುಮ್ನೆ ಕೂತ್ರು. ಮೈ ಕರ್ರಗೆ ಎಣ್ಣೆ ಹಚ್ಚಿದಂಗೆ ಮಿರಮಿರ, ಮಂಡಿಯಿಂದ ಕೆಳಗೆ ನಾಲ್ಕೂ ಕಾಲು ಬೆಳ್ಳಗೆ, ಬಾಯಿ ಆಡಿಸ್ತಾ ನಮ್ಮನ್ನ ನೋಡ್ತಾ ಇದೆ, ಕಿವಿಯಲ್ಲಿ ನೊಣ ಓಡಿಸ್ತಾ ಇದೆ. ಹಿಂದೆ ಬಂದ ಕಾರಿನೋನು ಹಾರ್ನ್ ಹೊಡೆದ. ನಮ್ಮ ಡ್ರೈವರ್ ಇಳಿಯೋ ಹಾಗಿಲ್ಲ, ಬೈಯೋ ಹಾಗೂ ಇಲ್ಲ, ಕನ್ನಡಿಯಲ್ಲಿ ನೋಡಿ ಕೈ ಮುಗಿದ್ರು. ಇನ್ನೂ ಸ್ವಲ್ಪ ಹೊತ್ತು ನಿಂತು ಅದರ ಪಾಡಿಗೆ ಇಳಿಜಾರಿಗೆ ಇಳೀತು, ಅಷ್ಟು ಭಾರದ ಪ್ರಾಣಿ, ಕಡ್ಡಿ ಮುರಿದ ಸದ್ದು ಒಂದೇ ಒಂದು. ಇದನ್ನ ನೋಡಿ ವೇಸ್ಟ್ ಅಂತೀರಲ್ಲ @ಹುಲಿ_ಹುಚ್ಚ ಸರ್.

ಬನಶಂಕರಿ_ಅಕ್ಕ
ಮಗನಿಗೆ ಇದನ್ನ ಓದಿ ಹೇಳ್ದೆ, ಕಾಟಿನೂ ಓಕೆ ಅಂದ. ಅರ್ಧ ಸಮಸ್ಯೆ ಮುಗೀತು. ಈಗ ಉಳ್ಕೊಳ್ಳೋ ವಿಷಯ ಹೇಳಿ. ಕೆ. ಗುಡಿಯಾ, ದೇವಸ್ಥಾನದ ಹತ್ರನಾ? ಒಂದು ಖಾಸಗಿ ಜಾಗದವರು ಫೋನಲ್ಲಿ ನೈಟ್ ಸಫಾರಿ ಕೂಡ ಇದೆ ಅಂದ್ರು.

ಕುಟ್ರಹಕ್ಕಿ
ನೈಟ್ ಸಫಾರಿ ಅಂದ ತಕ್ಷಣ ಫೋನ್ ಇಟ್ಟುಬಿಡಿ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಪ್ರವಾಸಿಗರನ್ನ ರಾತ್ರಿ ಸಫಾರಿಗೆ ಕರ್ಕೊಂಡು ಹೋಗೋ ಹಾಗೇ ಇಲ್ಲ. ಸಿಕ್ಕಿಬಿದ್ರೆ ಕೇಸ್ ಅವರ ಮೇಲೂ ಆಗುತ್ತೆ, ನಿಮ್ಮ ಮೇಲೂ ಆಗುತ್ತೆ. ಅದಕ್ಕಿಂತ ಮುಖ್ಯ, ಟಾರ್ಚ್ ಬಿಟ್ಟು ಜಿಂಕೆ ಕಣ್ಣು ಮಿಂಚಿಸೋದರಲ್ಲಿ ಏನಿದೆ.

ಕೆ. ಗುಡಿ ಅಂದ್ರೆ ಕ್ಯಾತದೇವರ ಗುಡಿ, ಮೈಸೂರು ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗ, ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್. ಊಟ, ವಸತಿ, ಸಫಾರಿ ಸೇರಿಸಿ ಒಂದೇ ರೇಟು, ಜೇಬಿಗೆ ಬಿಸಿ, ಆದ್ರೆ ಕಾಡಿನ ನಡುವೆನೇ ಇರ್ತೀರಿ, ಬೆಳಗ್ಗೆ ಎದ್ದಾಗ ಅಂಗಳದಲ್ಲೇ ಕಾಡುಹಂದಿ, ಚುಕ್ಕೆ ಜಿಂಕೆ. ಡಿಸೆಂಬರ್ ಕೊನೇವಾರ ಅಂದ್ರೆ ಈಗ್ಲೇ ಬುಕ್ ಮಾಡಿ. ಮಗಳಿಗೆ ಐದು ವರ್ಷ ಅಂದ್ರಲ್ಲ, ಬುಕ್ ಮಾಡುವಾಗ್ಲೇ ವಯಸ್ಸು ಹೇಳಿ, ಜೀಪಲ್ಲಿ ಕೂರ್ಸ್ತಾರಾ ಅಂತ ಕೇಳ್ಕೊಂಡುಬಿಡಿ. ದೇವಸ್ಥಾನದ ಹತ್ರ ಸಣ್ಣಪುಟ್ಟ ರೂಮುಗಳಿವೆ, ಕಮ್ಮಿ ಖರ್ಚು. ಆದ್ರೆ ಬೆಳಗಿನ ಸಫಾರಿಗೆ ಅಲ್ಲಿಂದ ಕೆ. ಗುಡಿಗೆ ಬರೋದು ಅಂದ್ರೆ ಚಳೀಲಿ ಮಕ್ಕಳನ್ನ ಎಬ್ಬಿಸೋ ಕೆಲಸ ನಿಮ್ಮದು.

ನನ್ನ ಕೇಳಿದ್ರೆ ಒಂದು ರಾತ್ರಿ ಅಲ್ಲಿ ಒಂದು ರಾತ್ರಿ ಇಲ್ಲಿ ಬೇಡ, ಒಂದೇ ಕಡೆ ಬ್ಯಾಗ್ ಇಳಿಸಿ. ಸಫಾರಿ ಬೆಳಗ್ಗೆ ಒಂದು ಸಂಜೆ ಒಂದು ಸಾಕು. ಅಮ್ಮನಿಗೆ ಜೀಪಿನ ಕುಲುಕಾಟ ಆಗಲ್ಲ ಅಂದ್ರೆ ಅವರನ್ನ ವರಾಂಡದಲ್ಲಿ ಕೂರಿಸಿ ಹೋಗಿ, ಬೇಜಾರು ಮಾಡ್ಕೋಬೇಡಿ. ಭೀಮರಾಜ ಅಂತ ಒಂದು ಹಕ್ಕಿ ಬರುತ್ತೆ, ಕರ್ರಗೆ, ಬಾಲದಿಂದ ಎರಡು ತಂತಿ ಇಳಿಬಿದ್ದು ತುದೀಲಿ ಎಲೆ ಥರ ಗರಿ. ಬೇರೆ ಹಕ್ಕಿಗಳ ಕೂಗೆಲ್ಲ ಅನುಕರಣೆ ಮಾಡೋ ಕಳ್ಳ. ಒಂದ್ಸಲ ಗಿಡುಗದ ಕೂಗು ಕೇಳಿ ಎಲ್ರೂ ಆಕಾಶ ನೋಡ್ತಿದ್ವಿ, ಇವನು ಪಕ್ಕದ ಕೊಂಬೇಲಿ ಕೂತು ನಮ್ಮನ್ನ ನೋಡ್ತಿದ್ದ.

ಹುಲಿ_ಹುಚ್ಚ
ಸರಿ ಸರಿ ವೇಸ್ಟ್ ಅನ್ನೋ ಮಾತು ವಾಪಸ್ ತಗೊಂಡೆ. ಆದ್ರೂ ಒಂದು ಪ್ರಶ್ನೆ, ಆ ಲಂಟಾನ ಯಾಕೆ ಕಿತ್ತಾಕಲ್ಲ? ಇಲಾಖೆ ಏನ್ ಮಾಡ್ತಿದೆ?

ಕಾಡುಮಲ್ಲಿಗೆ
ಇದಕ್ಕೆ ನಾನು ಉತ್ತರ ಹೇಳ್ಲಾ. ಅಲ್ಲಿ ಕೆಲವು ವರ್ಷ ಗಿಡಮರದ ಸರ್ವೆ ಕೆಲಸ ಮಾಡ್ದೋಳು ನಾನು, ಅಲ್ಲಿನ ಆದಿವಾಸಿ ಸೋಲಿಗ ಅಣ್ಣಂದಿರ ಹಿಂದೆ ಟೇಪ್ ಹಿಡ್ಕೊಂಡು ಸುತ್ತಿದೀನಿ. ಲಂಟಾನ ಬೇರಿಂದ ಕಿತ್ತರೂ ಬರುತ್ತೆ, ಕತ್ತರಿಸಿದ್ರಂತೂ ಇಮ್ಮಡಿ ಬರುತ್ತೆ, ಹಕ್ಕಿ ಹಣ್ಣು ತಿಂದು ಬೀಜ ಹಾಕುತ್ತೆ, ನೂರಾರು ಚದರ ಕಿಲೋಮೀಟರ್ ಕಾಡಲ್ಲಿ ಎಷ್ಟಂತ ಕೀಳ್ತೀರಿ. ಸೋಲಿಗ ಹಿರಿಯರನ್ನ ಕೇಳಿದ್ರೆ ಎಲ್ರೂ ಒಂದೇ ಮಾತು, ತರಗು ಬೆಂಕಿ ನಿಂತ ಮೇಲೆ ಈ ಗಿಡ ಏರಿದ್ದು ಅಂತಾರೆ. ಬೇಸಿಗೆ ಶುರುವಾಗೋ ಮುಂಚೆ, ನೆಲ ಇನ್ನೂ ಪೂರ್ತಿ ಒಣಗಿರಲ್ಲ, ಆಗ ತರಗೆಲೆಗೆ ಸಣ್ಣ ಬೆಂಕಿ ಕೊಡೋರು. ಮೊಣಕಾಲೆತ್ತರ ಕೂಡ ಏಳದ ಬೆಂಕಿ. ಅದು ಲಂಟಾನ ಸಸಿ ಸುಡುತ್ತೆ, ಉಣ್ಣಿ ಹುಳ ಸಾಯುತ್ತೆ, ಹೊಸ ಹುಲ್ಲು ಬರುತ್ತೆ. ಅಭಯಾರಣ್ಯ ಆದ ಮೇಲೆ ಬೆಂಕಿ ಅಪರಾಧ ಆಯ್ತು. ಈಗ ಒಣಗಿದ ಲಂಟಾನ ಪೇರಿಸ್ಕೊಂಡು ಕೂತಿದೆ, ಮಾರ್ಚಲ್ಲಿ ಕಿಡಿ ಬಿದ್ರೆ ಮರದ ತುದಿವರೆಗೆ ಏಳುತ್ತೆ.

ನೆಲ್ಲಿ ಮರದ್ದೂ ಇದೇ ಕಥೆ. ಕೊಂಬೆ ಮೇಲೆ ಬೇರೆ ಥರ ಎಲೆಯ ಗೊಂಚಲು ಕಂಡ್ರೆ ಅದು ಉಪ್ಪಿಲು, ಪರಾವಲಂಬಿ ಗಿಡ. ಬೆಂಕಿ ಇದ್ದಾಗ ಹತೋಟೀಲಿತ್ತು ಅಂತ ಸೋಲಿಗರು ಹೇಳ್ತಾರೆ. ನೆಲ್ಲಿಕಾಯಿ ಅವರ ಜೀವನೋಪಾಯ, ಅದಕ್ಕೇ ಕಣ್ಣಲ್ಲಿ ಕಣ್ಣಿಟ್ಟು ನೋಡಿರ್ತಾರೆ.

ಸುಮ್ನೆ_ಓದೋನು
ಆದ್ರೆ ಮೇಡಂ, 2019ರಲ್ಲಿ ಬಂಡೀಪುರ ಹೊತ್ತಿ ಉರಿದಿದ್ದು ನೋಡಿದ್ವಲ್ಲ. ಈಗ ಬೆಂಕಿ ಹಾಕೋಕೆ ಬಿಟ್ರೆ ಅದೇ ಆಗಲ್ವಾ? ಇಲಾಖೆಯವರು ಹೆದರೋದ್ರಲ್ಲೂ ನ್ಯಾಯ ಇದೆ ಅನ್ಸುತ್ತೆ.

ಕಾಡುಮಲ್ಲಿಗೆ
ಇದೆ, ಇಲ್ಲ ಅನ್ನಲ್ಲ. ಈಗ ನೆಲದ ಮೇಲೆ ಇರೋ ಒಣ ಲಂಟಾನಕ್ಕೆ ಹಳೇ ಥರ ಬೆಂಕಿ ಕೊಟ್ರೆ ಹಳೇ ಥರ ಉರಿಯಲ್ಲ. ಮೊದಲು ತೆಗೀಬೇಕು, ಆಮೇಲೆ ಸಣ್ಣ ಜಾಗದಲ್ಲಿ ನೋಡಿ ನೋಡಿ ಸುಡಬೇಕು, ಅದೂ ಗೊತ್ತಿರೋರ ಕೈಯಲ್ಲೇ. ನನ್ನ ತಕರಾರು ಇಷ್ಟೇ, ಗೊತ್ತಿರೋರನ್ನ ಕೇಳದೇ ನಿಯಮ ಮಾಡೋದು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿ ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡ್ತಾರೆ, ಚೆನ್ನಾಗಿರುತ್ತೆ, ಆದ್ರೆ ಕುರ್ಚಿ ಮಾಡಿ ಕಾಡಿನ ಲಂಟಾನ ಮುಗಿಸೋಕಾಗಲ್ಲ.

@ಬನಶಂಕರಿ_ಅಕ್ಕ ಕ್ಷಮಿಸಿ, ನಿಮ್ಮ ಟ್ರಿಪ್ ಚರ್ಚೆ ಎಲ್ಲಿಗೋ ಹೋಯ್ತು. ವಾಪಸ್ ಬರ್ತೀನಿ. ಡಿಸೆಂಬರ್ ಒಳ್ಳೇ ಟೈಮು. ಈ ಬೆಟ್ಟಕ್ಕೆ ಮುಂಗಾರೂ ಬರುತ್ತೆ ಹಿಂಗಾರೂ ಬರುತ್ತೆ, ಹಾಗಾಗಿ ಆಗ ಕಾಡು ಇನ್ನೂ ಹಸಿರು, ಹೊಳೆಯಲ್ಲಿ ನೀರಿರುತ್ತೆ, ಬೆಳಗ್ಗೆ ಒಳ್ಳೇ ಚಳಿ, ಮಕ್ಕಳಿಗೆ ಟೋಪಿ ಸ್ವೆಟರ್ ಮರೀಬೇಡಿ. ಪ್ರಾಣಿ ಜಾಸ್ತಿ ಕಾಣೋದು ಮಾರ್ಚ್ ಏಪ್ರಿಲ್‌ನಲ್ಲಿ ನೀರಿನ ಗುಂಡಿ ಹತ್ರ, ಆದ್ರೆ ಅದೇ ಬೆಂಕಿ ಸೀಸನ್, ಆಗ ನಡೆಯೋ ದಾರಿಗಳನ್ನ ಮುಚ್ಚಿಬಿಡ್ತಾರೆ.

ಸಫಾರಿಗಿಂತ ಒಂದು ವಿಷಯ ಬಿಡಬೇಡಿ, ದೊಡ್ಡಸಂಪಿಗೆ. ಭಾರ್ಗವಿ ಹೊಳೆ ಪಕ್ಕ ಇರೋ ಸಂಪಿಗೆ ಮರ, ಎರಡು ಸಾವಿರ ವರ್ಷ ಅಂತ ಜನ ಹೇಳ್ತಾರೆ, ಲೆಕ್ಕ ಏನೇ ಇರ್ಲಿ ಬುಡದ ಮುಂದೆ ನಿಂತ್ರೆ ವಾದ ಮಾಡೋಕೆ ಮನಸ್ಸು ಬರಲ್ಲ. ಒಂದೇ ಕಾಂಡ ಅಲ್ಲ, ಬುಡದಿಂದ್ಲೇ ಎಷ್ಟೋ ಕಾಂಡ ಸೇರ್ಕೊಂಡು ಎದ್ದಿದೆ, ಪಾಚಿ, ಸೀತಾಳೆ ದಂಡೆ, ಜರೀಗಿಡ ಎಲ್ಲ ಮೈಮೇಲೆ. ಕೆಳಗೆ ಸಾಲಾಗಿ ಕಲ್ಲುಗಳು, ಅರಿಶಿನ ಕುಂಕುಮ, ಸಣ್ಣ ತ್ರಿಶೂಲ. ಸೋಲಿಗರ ದೊಡ್ಡ ದೇವರು ಅದು. ಅಲ್ಲಿಗೆ ಕಾರು ಹೋಗಲ್ಲ, ಕಾಡಿನ ಮಣ್ಣು ದಾರಿ, ಇಲಾಖೆ ಅನುಮತಿ ತಗೊಂಡು ಜೀಪಲ್ಲೇ ಹೋಗ್ಬೇಕು. ಅಮ್ಮ ಜೀಪ್ ಹತ್ತಬಹುದಾದ್ರೆ ಇದಕ್ಕೊಂದಕ್ಕೆ ಹತ್ತಲಿ.

ಪೋಡಿನ_ಮಗಳು
ನಾನು ಅಲ್ಲೇ ಒಂದು ಪೋಡಿನವಳು, ಪೋಡು ಅಂದ್ರೆ ಸೋಲಿಗರ ಹಾಡಿ, ಈಗ ಮೈಸೂರಲ್ಲಿ ಓದ್ತಿದ್ದೀನಿ. ದೊಡ್ಡಸಂಪಿಗೆಗೆ ಹೋಗೋರು ಚಪ್ಪಲಿ ದೂರದಲ್ಲೇ ಬಿಡಿ, ಮರ ಹತ್ತಬೇಡಿ, ಹೂವು ಕೀಳಬೇಡಿ, ಬಿಸ್ಕೆಟ್ ಕವರ್ ಬಿಸಾಡಬೇಡಿ. ಇದಿಷ್ಟು ಹೇಳಿದ್ರೂ ಹೆಸರು ಕೆತ್ತೋರು ಬರ್ತಾರೆ.

ಇನ್ನೊಂದು ವಿಷಯ. ಕೆಲವರು ಟ್ರೈಬಲ್ ವಿಸಿಟ್ ಅಂತ ಪೋಡಿಗೆ ನುಗ್ಗಿ ಮಕ್ಕಳಿಗೆ ಚಾಕ್ಲೇಟ್ ಕೊಟ್ಟು ಫೋಟೋ ತೆಗೀತಾರೆ, ಅಜ್ಜಿಯರನ್ನ ಕುಣೀರಿ ಅಂತಾರೆ. ನಿಮ್ಮ ಲೇಔಟಿಗೆ ನಾವು ಬಂದು ಹಾಗೆ ಮಾಡಿದ್ರೆ ಸೆಕ್ಯೂರಿಟಿ ಕರೀತೀರಿ. ಗುರುತಿರೋರ ಜೊತೆ ಬನ್ನಿ, ಕೂತು ಮಾತಾಡಿ, ರಾಗಿ ಮುದ್ದೆ ತಿನ್ನಿ, ಬೇಡ ಅನ್ನಲ್ಲ. ಇಡೀ ಕಾಡಲ್ಲಿ ನಮ್ಮ ಕುಲಕ್ಕೊಂದು ಯೆಲ್ಲೆ, ಅಂದ್ರೆ ಗಡಿ ಹಾಕಿದ ಜಾಗ ಇದೆ, ಪ್ರತಿ ಯೆಲ್ಲೇಲೂ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಅಂತ ಪೂಜೆಯ ಜಾಗಗಳು. ನಮ್ಮ ಹಿರಿಯರೇ ಸಂಶೋಧಕರ ಜೊತೆ ನಡೆದು ಐನೂರರ ಹತ್ರ ಇಂಥ ಜಾಗಗಳನ್ನ ನಕ್ಷೆ ಮೇಲೆ ಗುರುತು ಹಾಕಿದ್ದಾರೆ. ಸಫಾರಿ ಜೀಪಲ್ಲಿ ಹೋಗುವಾಗ ನೀವು ಖಾಲಿ ಕಾಡು ಅಂದ್ಕೊಳ್ಳೋದು ಯಾರದೋ ಮನೆ ದೇವರ ಜಾಗ.

ಯಳಂದೂರ್_ಹೈದ
ಸರಿಯಾಗಿ ಹೇಳ್ದೆ ಕಣವ್ವ. ರಂಗನಾಥನೂ ನಿಮ್ಗೆ ಭಾವನೇ ಅಲ್ವಾ, ರಂಗ ಮದ್ವೆಯಾದ ಕುಸುಮಾಲೆ ನಿಮ್ಮನೆ ಹುಡ್ಗಿ. ತೇರಿನ್ ದಿನ ರಂಗ ಭಾವ ಅಂತ ಹಾಡು ಶುರುವಾದ್ರೆ ಬೆಳಿಗ್ಗೆವರ್ಗೂ ನಿಲ್ಲದಿಲ್ಲ. @ಧಾರವಾಡ_ಫೇಡೆ ಮೇಡಂ, ಸಂಕ್ರಾಂತಿ ಆದ್ಮೇಲೆ ಚಿಕ್ಕ ಜಾತ್ರೆ ಇರ್ತದೆ, ಆ ದಿನಗಳಲ್ಲಿ ಕಾಡು ನೋಡಕ್ಕೆ ಬರ್ಬೇಡಿ, ಜಾತ್ರೆ ನೋಡಕ್ಕೆ ಬನ್ನಿ. ಎರಡೂ ಒಟ್ಗೆ ಆಗಲ್ಲ, ರೂಮೂ ಸಿಕ್ಕಲ್ಲ.

ಧಾರವಾಡ_ಫೇಡೆ
ಹಂಗಾರ ಜನವರಿ ಕಡೀ ವಾರಕ್ಕ ಬರ್ತೇವ್ರಿ. @ಪೋಡಿನ_ಮಗಳು ತಂಗಿ, ಒಂದು ಕೇಳೂದೈತಿ, ಹುಲಿ ಕಾಡು ಮಾಡಿದ ಮ್ಯಾಲೆ ನಿಮ್ಮ ಮಂದೀನ್ನ ಎಬ್ಬಿಸಲಿಲ್ಲೇನು? ನಮ್ಮ ಕಡೆ ಕಾಳಿ ಹುಲಿ ಕಾಡಿನ ಹಳ್ಳ್ಯಾಗ ಭಾಳ ಮಂದಿ ಪರಿಹಾರ ತಗೊಂಡು ಹೊರಗ ಬಂದಾರ.

ಪೋಡಿನ_ಮಗಳು
ಅಕ್ಕ, ಹೆದರಿಕೆ ಇತ್ತು. 2011ರ ಜನವರೀಲಿ ಹುಲಿ ಕಾಡು ಅಂದ್ರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆ ಕೆಳಗೆ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪತ್ರ ಸಿಕ್ತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಪಾಸೆ (ಕಲ್ಲುಹೂವು) ಎಲ್ಲ ತೆಗೆಯೋ ಹಕ್ಕು ಅದರಲ್ಲಿದೆ. ಪತ್ರ ಒಂದು, ಗೇಟಲ್ಲಿ ನಡೆಯೋದು ಇನ್ನೊಂದು ಅನ್ನೋ ದಿನಗಳು ಈಗ್ಲೂ ಇವೆ. ಆದ್ರೆ ಪತ್ರ ಇದೆ.

ಜೇನುತುಪ್ಪ ಬೇಕಂದ್ರೆ ದಾರಿಬದಿ ಬಾಟ್ಲಲ್ಲಿ ಮಾರೋರ ಹತ್ರ ತಗೋಬೇಡಿ, ಅರ್ಧ ಬೆಲ್ಲದ ಪಾಕ. ಲ್ಯಾಂಪ್ಸ್ ಸೊಸೈಟೀಲಿ, ಅಂದ್ರೆ ಆದಿವಾಸಿಗಳ ಸಹಕಾರ ಸಂಘದಲ್ಲಿ ಕೇಳಿ. ಹೆಜ್ಜೇನು ಕೊಯ್ಯೋದು ಬೇಸಿಗೇಲಿ, ಡಿಸೆಂಬರ್‌ನಲ್ಲಿ ಸಿಗೋದು ಹೋದ ಸೀಸನ್‌ದು, ಪರವಾಗಿಲ್ಲ ಕೆಡಲ್ಲ. ನಮ್ಮೋರು ಬೆಳೆದ ಕಾಫಿ ಪುಡೀನೂ ಸಿಗುತ್ತೆ.

ಬನಶಂಕರಿ_ಅಕ್ಕ
ಎಷ್ಟು ವಿಷಯ ಗೊತ್ತಾಯ್ತು! ಪ್ಲ್ಯಾನ್ ಹೀಗೆ ಮಾಡಿದೀನಿ, ತಪ್ಪಿದ್ರೆ ಹೇಳಿ. ಶುಕ್ರವಾರ ಬೆಳಗ್ಗೆ ಆರಕ್ಕೆ ಬಿಡೋದು, ತಿಂಡಿ ಮಳವಳ್ಳೀಲಿ, ಯಳಂದೂರಲ್ಲಿ ಪೆಟ್ರೋಲ್ ಮತ್ತೆ ಕ್ಯಾಶ್, ಬೆಟ್ಟ ಹತ್ತಿ ಮೊದಲು ರಂಗನಾಥನ ದರ್ಶನ ಮುಗಿಸಿ ಹೊತ್ತಿರುವಾಗ್ಲೇ ಕೆ. ಗುಡಿ ಸೇರೋದು. ಎರಡೂ ರಾತ್ರಿ ಅಲ್ಲೇ. ಶನಿವಾರ ಬೆಳಗ್ಗೆ ನಾವು ಸಫಾರಿ, ಅಮ್ಮ ವರಾಂಡ ಮತ್ತು ಭೀಮರಾಜ. ಮಧ್ಯಾಹ್ನ ಅನುಮತಿ ಸಿಕ್ರೆ ಎಲ್ರೂ ದೊಡ್ಡಸಂಪಿಗೆ. ಭಾನುವಾರ ಚಾಮರಾಜನಗರದ ಕಡೆ ಇಳಿದು ಮೈಸೂರು ಮೇಲೆ ವಾಪಸ್. ದೇವಸ್ಥಾನಕ್ಕೆ ಮೆಟ್ಟಿಲು ಹತ್ತಲೇಬೇಕಾ ಅನ್ನೋದೊಂದು ಉಳೀತು.

ಯಳಂದೂರ್_ಹೈದ
ಬೇಕಾಗಿಲ್ಲಕ್ಕ, ಗಾಡಿ ಮೇಲ್ಗಂಟ ವೋಯ್ತದೆ, ಅಮ್ಮಾರು ಸ್ವಲ್ಪ ನಡುದ್ರೆ ಸಾಕು. ದೇವಸ್ಥಾನದ ಹಿಂದ್ಗಡೆ ಬಂಡೆ ಅಂಚು ಅದೆ, ಗಾಳಿ ಜೋರು, ಚಿಕ್ ಪಾಪುನ ಕೈ ಬುಡ್ಬೇಡಿ. ಕೋತಿ ಕಾಟ ಜಾಸ್ತಿ, ಪ್ರಸಾದದ ಕವರ್ ಕೈಲಿ ಹಿಡ್ಕೊಂಡು ತಿರುಗ್ಬೇಡಿ. ದರ್ಶನದ ಟೈಮು ಮಧ್ಯಾಹ್ನ ಬಾಗ್ಲು ಹಾಕ್ತಾರಾ ಅಂತ ಹಿಂದಿನ್ ದಿನ ಫೋನ್ ಮಾಡಿ ಕೇಳ್ಕಳಿ.

ಕುಟ್ರಹಕ್ಕಿ
ಪ್ಲ್ಯಾನ್ ಚೆನ್ನಾಗಿದೆ. ಒಂದೇ ಸೇರಿಸಿ, ಹೊರಡೋ ವಾರ ಸಫಾರಿ ನಡೀತಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಕೆಲವೊಮ್ಮೆ ಆನೆ ಹಾವಳಿ, ಹುಲಿ ದಾಳಿ ಏನಾದ್ರೂ ಆದ್ರೆ ಇದ್ದಕ್ಕಿದ್ದಂತೆ ನಿಲ್ಲಿಸ್ತಾರೆ. ಬಟ್ಟೆ ಕಂದು, ಹಸಿರು ಇರ್ಲಿ. ಸಂಜೆ ರೂಮಿಗೆ ಬಂದ ಮೇಲೆ ಮಕ್ಕಳ ಕಾಲು, ಕಂಕುಳು ನೋಡಿ, ಉಣ್ಣಿ ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಬುಡ ಹಿಡಿದು ನೇರ ಎಳೀರಿ, ಉಜ್ಜಬೇಡಿ.

ಹುಲಿ_ಹುಚ್ಚ
ಮೇಡಂ ನಿಮ್ಮ ಮಗನಿಗೆ ಹುಲಿ ಕಂಡ್ರೆ ಇಲ್ಲೇ ಬಂದು ಹೇಳ್ಬೇಕು. ನನಗೆ ಹೊಟ್ಟೆ ಉರಿಯುತ್ತೆ ಅಂತ ಗೊತ್ತು, ಆದ್ರೂ ಹೇಳಿ.

ಬನಶಂಕರಿ_ಅಕ್ಕ
ಖಂಡಿತ ಸರ್ 😄 ರೂಮ್ ಬುಕ್ ಆಯ್ತು. ಯಜಮಾನ್ರು ಈಗ ಅಲ್ಲಿ ವೈಫೈ ಇದೆಯಾ ಅಂತ ಕೇಳ್ತಿದ್ದಾರೆ.